ಅಳಿಲಿಗೆ ಇಟ್ಟ ಹೆಸರು

ತಿಪಟೂರು
೧೪-೯-೨೦೨೪

ಗೆಳೆಯ ಶ್ರೀರಂಗ,

ನಮಸ್ಕಾರ. ತುರುವೇಕೆರೆಗೆ, ತಂಗಿಯ ಮನೆಗೆ ಹೋದ ಮೇಲೆ ಮಂಡಿನೋವು ಹೇಗಿದೆ? ತಿಂಗಳಿಂದ ಬರೆಯಬೇಕು ಅಂತ ಕೂತು ಮೂರು ಹಾಳೆ ಹರಿದುಹಾಕಿದೆ. ಕ್ಷಮಿಸು. ಫೋನ್ ನೀನು ಎತ್ತುತ್ತಿಲ್ಲ.

ತೋಟದಲ್ಲಿ ಈಗ ಸದ್ದಿಲ್ಲ. ಎಳನೀರು ಕೊರೆಯುತ್ತವೆ ಅಂತ ಆಷಾಢದಲ್ಲಿ ವಿಷ ಸವರಿದ ಬಾಳೆಹಣ್ಣು ಇಟ್ಟು ಊರಿನವರು ಅಳಿಲುಗಳನ್ನು ಮುಗಿಸಿದರಲ್ಲ, ಒಂದೇ ಸಾಲಿನ ತೆಂಗಿನ ಬುಡದಲ್ಲಿ ಹನ್ನೊಂದನ್ನು ಹೆಕ್ಕಿ ಮಣ್ಣು ಮಾಡಿದೆ. ಅರವತ್ತು ವರ್ಷದಿಂದ ಕಂಡಿದ್ದೇನೆ. ಕಾಯಿ ಕೊರೆದರೆ ಬೈದು ಓಡಿಸುತ್ತಿದ್ದರು, ರಾಮ ಬೆನ್ನು ಸವರಿದ ಜೀವ ಅಂತ ಕೊಲ್ಲುತ್ತಿರಲಿಲ್ಲ. ಬೆಳೆಗಾರರ ಸಂಘದ ಕರಪತ್ರ ಬಂತು, ಎಲ್ಲರಿಗೂ ಧೈರ್ಯ ಬಂತು. 'ಬೂದು ಅಳಿಲು, ಸಿಯೂರಸ್ ಕೆರೊಲಿನೆನ್ಸಿಸ್, ಮೂಲ ಅಮೆರಿಕ' ಅಂತ ಅಚ್ಚಾಗಿತ್ತಲ್ಲ!

ಸತ್ತವನ್ನು ಕಂಡ ದಿನವೇ ಪಕ್ಕದ ತೋಟದ ರೇವಣ್ಣನಿಗೆ ಹೇಳಿದೆ: ಅದು ಬೇರೆ ಪ್ರಾಣಿ ಕಣಯ್ಯ, ನಮ್ಮದು ಫುನಾಂಬುಲಸ್ ಪಾಲ್ಮಾರಮ್, ಬೆನ್ನಿನ ಮೂರು ಗೆರೆ ಕಾಣಿಸಲ್ವ? ನಕ್ಕುಬಿಟ್ಟ. "ಬುಡು ಸದಾಶಿವಣ್ಣ, ರಾಮ ಅಮೆರಿಕಕ್ಕೆ ಯಾವಾಗ ಹೋಗಿದ್ದ? ಪಾಪ ಬರಾಕಿಲ್ಲ." ಅವನ ತಾಯಿ ಚಿಕ್ಕಗೌರಮ್ಮ ಜಗಲಿಯಿಂದಲೇ, "ಅದೇ ಅಳಿಲು ಕಣ್ಲಾ, ನಿನ್ ತೊಟ್ಲು ತಾವ ಬತ್ತಿದ್ದದ್ದು," ಅಂದರು. ಅವರ ಮಾತು ಯಾರಿಗೆ ಬೇಕು? ಅಚ್ಚಾಗಿಲ್ಲವಲ್ಲ.

ಅರಣ್ಯ ಇಲಾಖೆಯವರು ವಿಚಾರಿಸಿದ್ದೇ ತಡ, ಸಂಘದವರು ತಪ್ಪನ್ನು ನಿನ್ನ ತಲೆಗೆ ಕಟ್ಟಿದರು. ಕರಪತ್ರ ಬರೆದದ್ದು ನೀನೇ, ನಿಜ. ಆದರೆ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ, "ನಮ್ಮೂರ ಅಳಿಲು ಯಾವ್ದು ಅಂತ್ಲೂ ಗೊತ್ತಿಲ್ವೇನ್ರೀ?" ಅಂತ ಕೇಳುವುದೇ? ನಿನ್ನ ಪಾಠ ಕೇಳಿದವರೇ ನಕ್ಕರು. ಸಿಟ್ಟಿನಲ್ಲಿ ಸಂಘಕ್ಕೆ ಕಾಗದ ಬರೆಯಲು ಕೂತೆ. ಎರಡನೆಯ ಸಾಲಿಗೇ ಪೆನ್ನು ಮುಚ್ಚಿಟ್ಟೆ. ಸಾಕಾಗಿದೆ ಕಣೋ.

ತಂಗಿ ಸುವರ್ಣಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಸದಾಶಿವಯ್ಯ

ತಾ.ಕ.: ಇದು ಮರೆತು ಉಳಿದದ್ದಲ್ಲ. ಕರಪತ್ರದಲ್ಲಿ ನೀನು ಬರೆದದ್ದು ಬರೀ 'ಅಳಿಲು' ಅಂತ; ಓಡಿಸುವ ಉಪಾಯ ಮಾತ್ರ ಹೇಳಿದ್ದೆ. ಕರಡು ತಿದ್ದಲು ನನ್ನ ಕೈಗೆ ಕೊಟ್ಟೆ. ಶಾಸ್ತ್ರೀಯ ಹೆಸರಿಲ್ಲದೆ ಬೋಳಾಗಿದೆ ಅನ್ನಿಸಿ, ಮನೆಯ ಹಳೇ ವಿಶ್ವಕೋಶ ತೆಗೆದು, ಮೊದಲು ಕಂಡ ಅಳಿಲಿನ ಹೆಸರು, ದೇಶ ಎರಡನ್ನೂ ಸೇರಿಸಿದವನು ನಾನು. ಸತ್ತವನ್ನು ಕಂಡ ದಿನ ಮತ್ತೆ ಪುಟ ತಿರುವಿದಾಗಲೇ ಮೂರು ಗೆರೆಯದರ ಹೆಸರು ಸಿಕ್ಕಿದ್ದು. ಸಭೆಯಲ್ಲಿ ನೀನು ಒಂದು ಸಲ ನನ್ನ ಕಡೆ ನೋಡಿದೆ, ನನ್ನ ಹೆಸರು ಎತ್ತಲಿಲ್ಲ. ನಾನು ಕನ್ನಡಕ ಒರೆಸುತ್ತಾ ಕೂತಿದ್ದೆ.