ಎತ್ತರದ ಮರಕ್ಕೆ ಪಕ್ಕದವರ ಸಹಿ

ಮಾರ್ಚ್ 4, ಮಂಗಳವಾರ

ಇವತ್ತು ಹಲ್ಲಿನ ಲ್ಯಾಬಿನಲ್ಲಿ ಒಂಬತ್ತು ದವಡೆಯ ಅಚ್ಚು. ಆರು ಮೇಲಿನವು, ಮೂರು ಕೆಳಗಿನವು. ಪ್ಲಾಸ್ಟರ್ ಬೇಗ ಗಟ್ಟಿಯಾಯಿತು. ನೀರು ಕಡಿಮೆ ಹಾಕಿದ್ದೆನೇನೋ. ಒಂದು ಅಚ್ಚು ಒಡೆದು ಮತ್ತೆ ಮಾಡಬೇಕಾಯಿತು. ಲ್ಯಾಬಿನ ಯಜಮಾನರು ನೋಡಿದರು, ಏನೂ ಅನ್ನಲಿಲ್ಲ. ಮೊದಲಾಗಿದ್ದರೆ ಚಳಿ ಬಿಡಿಸುತ್ತಿದ್ದರು. ಏಳು ತಿಂಗಳಿಂದ ನನಗೆ ಯಾರೂ ಏನೂ ಅನ್ನುವುದಿಲ್ಲ.

ಮನೆಗೆ ಬಂದಾಗ ಇವರು ಟೇಪು ಹಿಡಿದು ಕೈತೋಟದಲ್ಲಿ ಅಳೆಯುತ್ತಿದ್ದರು. ಅಡುಗೆಮನೆ ಕಿಟಕಿಯ ನೇರಕ್ಕೆ ಪೈನ್ ಮರ ಹಾಕುತ್ತಾರಂತೆ. ವರ್ಷವಿಡೀ ಹಸಿರು, ವರ್ಷವಿಡೀ ಮರೆ. ಯಾರಿಗೆ ಮರೆ ಎಂದು ಕೇಳಬೇಕಾಗಿರಲಿಲ್ಲ. ಕಿಟಕಿಯಲ್ಲಿ ಕಾಣುವುದು ಪಕ್ಕದ ಮನೆಯ ಮುಂಬಾಗಿಲು, ಕಾರು ನಿಲ್ಲಿಸುವ ಜಾಗ. ಔಷಧಿ ಅಂಗಡಿಯವರ ಮನೆ. ಆಗಸ್ಟಿನಲ್ಲಿ ಅವರು ಕಾರು ರಿವರ್ಸ್ ತೆಗೆದಾಗ ಗುಬ್ಬಿ ಅದರ ಹಿಂದೆ ಇದ್ದಳು. ನಮ್ಮ ಮಗಳು. ಆರು ವರ್ಷ.

ಬರೆದೆ. ಒಳಗೆ ಏನೂ ಆಗಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಬರೆದ ಹಾಗಿದೆ.

ಮಾರ್ಚ್ 5

ಮಾವನಿಗೆ ಪೈನ್ ಬೇಡ. ನಿಂಬೆ ಹಾಕಬೇಕಂತೆ. ಬೆಳಿಗ್ಗೆಯಿಂದ ಅದೇ ರಾಗ. ನಿಂಬೆ ಹೂ ಬಿಟ್ಟರೆ ಮನೆಯೆಲ್ಲ ಘಮಘಮ, ಮೂರು ವರ್ಷಕ್ಕೆ ಕಾಯಿ, ಕೇಳಿದವರಿಗೆ ಕೊಡಬಹುದು. ಪೈನಿನಿಂದ ಏನು ಸಿಗುತ್ತದೆ, ಅಂಟು. ಇವರು ಪೇಪರಿನಿಂದ ತಲೆ ಎತ್ತದೆ, ನಿಂಬೆಗಿಡ ಎಷ್ಟೆತ್ತರ ಬೆಳೆಯುತ್ತದೆ ಎಂದು ಕೇಳಿದರು. ಆಳೆತ್ತರಕ್ಕೆ ಸ್ವಲ್ಪ ಮೇಲೆ ಎಂದರು ಮಾವ. ಅದೂ ಒಂದು ಮರೆಯೇ ಎಂದು ಕೇಳಿದರು ಇವರು.

ಮಾವ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. “ಇವನ ಪೈನಿನ ನೆರಳಲ್ಲಿ ಕೂರೋಕೆ ನಾನು ಇನ್ನೊಂದು ಸಲ ಹುಟ್ಟಿ ಬರಬೇಕಮ್ಮ. ಆಗಲೂ ನೀನೇ ಹಲ್ಲು ಮಾಡಿಕೊಡು.”

ನಗಬೇಕಾದ ಜಾಗ ಅದು. ಗೊತ್ತಾಯಿತು. ನಗಲಿಲ್ಲ. ಅವರ ಕೆಳಗಿನ ಸೆಟ್ಟು ಸಡಿಲವಾಗಿದೆ, ಸರಿಮಾಡಿ ಕೊಡಬೇಕು.

ಮಾರ್ಚ್ 9, ಭಾನುವಾರ

ನರ್ಸರಿಗೆ ಹೋದೆವು, ಮೂವರೂ. ನರ್ಸರಿಯಾಕೆ ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಎರಡೂ ಗಿಡಗಳನ್ನು ಅಕ್ಕಪಕ್ಕ ತಂದಿಟ್ಟಳು. ಪೈನ್ ನನ್ನ ಸೊಂಟದಷ್ಟು. ನಿಂಬೆ ಮೊಣಕಾಲಿನಷ್ಟು, ಕಸಿ ಗಿಡ, ಕಟ್ಟು ಹಾಕಿದ ಗುರುತು ಕಾಂಡದಲ್ಲಿ ಇನ್ನೂ ಇತ್ತು.

ಆಕೆ ವ್ಯಾಪಾರಿ ಅನ್ನಿಸಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದಳು. ಪೈನ್ ಒಮ್ಮೆ ಬೇರೂರಿದರೆ ನೀರು ಕೇಳುವುದಿಲ್ಲ, ಆದರೆ ಸೂಜಿಯೆಲೆ ಬಿದ್ದ ಕಡೆ ಬೇರೇನೂ ಏಳುವುದು ಕಷ್ಟ. ನಿಂಬೆಗೆ ಬಿಸಿಲು ಬೇಕು, ಗೊಬ್ಬರ ಬೇಕು, ಎಳೆ ಎಲೆಗೆ ಹುಳ ಬೀಳುತ್ತದೆ, ಮುಳ್ಳು ಚುಚ್ಚುತ್ತದೆ. ಕೂಸು ಸಾಕಿದ ಹಾಗೆ ಎಂದಳು. ನಾವು ಮೂವರೂ ಬೇರೆ ಬೇರೆ ಕಡೆ ನೋಡಿದೆವು. ಪಾಪ, ಆಕೆಗೆ ಗೊತ್ತಿಲ್ಲ.

ಕಿಟಕಿ ಮುಚ್ಚಲು ಪೈನಿಗೆ ಎಂಟು ಹತ್ತು ವರ್ಷ ಬೇಕಂತೆ. ಅಷ್ಟೇ ಅಲ್ಲ, ಮರಕ್ಕೆ ವಯಸ್ಸಾದ ಮೇಲೆ ಕೆಳಗಿನ ಕೊಂಬೆಗಳು ಒಣಗಿ ಉದುರುತ್ತವೆ, ಕಣ್ಣಿನ ಮಟ್ಟದಲ್ಲಿ ಮತ್ತೆ ಎಲ್ಲ ಕಾಣುತ್ತದೆ. ಇವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಪೈನನ್ನೇ ಗೊತ್ತುಮಾಡಿದರು. ನನ್ನನ್ನು ಕೇಳಿದರು. ಯಾವುದಾದರೂ ಸರಿ ಎಂದೆ. ನಿಜವಾಗಿಯೂ ಯಾವುದಾದರೂ ಸರಿ.

ಮಾರ್ಚ್ 12

ಒಂದು ತೊಡಕು. ಪುರಸಭೆಯ ನಿಯಮ ಇದೆಯಂತೆ. ಕಾಂಪೌಂಡಿನ ಪಕ್ಕ ಎತ್ತರಕ್ಕೆ ಬೆಳೆಯುವ ಮರ ಹಾಕುವುದಾದರೆ ಪಕ್ಕದ ಮನೆಯವರ ಒಪ್ಪಿಗೆ ಬೇಕು. ಫಾರಂ ಇದೆ, ಸಹಿ ಬೇಕು. ನಿಂಬೆಗೆ ಏನೂ ಬೇಡ.

ಇವರು ಫಾರಂ ತಂದು ಮೇಜಿನ ಮೇಲಿಟ್ಟರು. ಆಗಸ್ಟಿನಿಂದ ನಾವು ಆ ಮನೆಯವರ ಜೊತೆ ಒಂದು ಮಾತೂ ಆಡಿಲ್ಲ. ಅವರ ಹೆಂಡತಿ ಎರಡು ಸಲ ಬಂದಿದ್ದರು, ಇವರು ಬಾಗಿಲು ತೆಗೆಯಲಿಲ್ಲ. “ನಾನು ಆ ಹೊಸಿಲು ತುಳಿಯಲ್ಲ. ನೀನು ಹೋಗು. ಸಹಿ ಹಾಕದೆ ಏನು ಮಾಡ್ತಾನೆ? ಅವನಿಗೆ ಯಾವ ಮುಖ ಇದೆ?”

ಹೋಗುತ್ತೇನೆ ಎಂದೆ. ಫಾರಂ ಈಗ ಫ್ರಿಜ್ಜಿನ ಮೇಲಿದೆ.

ಮಾರ್ಚ್ 23, ಭಾನುವಾರ, ಸಂಜೆ 5

ಹನ್ನೊಂದು ದಿನ ಬರೆದಿಲ್ಲ. ಫಾರಂ ಇನ್ನೂ ಫ್ರಿಜ್ಜಿನ ಮೇಲೇ ಇದೆ. ದಿನಾ ಕೇಳುತ್ತಾರೆ, ದಿನಾ ನಾಳೆ ಎನ್ನುತ್ತೇನೆ. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದು ಸುಳ್ಳು ಬೇರೆ.

ಇಲ್ಲಾದರೂ ನಿಜ ಬರೆಯುತ್ತೇನೆ. ಆ ದಿನ ಗೇಟಿನ ಚಿಲಕ ಹಾಕದೆ ಬಂದವಳು ನಾನು. ಎರಡೂ ಕೈಯಲ್ಲಿ ಚೀಲ ಇತ್ತು. ಸಾಮಾನು ಇಟ್ಟು ಬಂದು ಹಾಕಿದರಾಯಿತು ಎಂದುಕೊಂಡೆ. ಪಕ್ಕದವರು ಕಾರಿನ ಹತ್ತಿರ ನಿಂತಿದ್ದರು, ಡ್ಯೂಟಿ ಮುಗೀತಾ ಎಂದು ಕೇಳಿದರು, ಹೂಂ ಎಂದೆ. ನಾನು ಗೇಟು ಹಾಗೇ ಬಿಟ್ಟು ಒಳಗೆ ಹೋಗಿದ್ದನ್ನು ಅವರು ನೋಡಿದರು. ಒಳಗೆ ಹೋದ ಮೇಲೆ ಫೋನ್ ಬಂತು. ಮರೆತೆ.

ಗುಬ್ಬಿ ತಾನೇ ಚಿಲಕ ತೆಗೆದಳು ಎಂದು ಇವರು ತಿಳಿದಿದ್ದಾರೆ. ಪೊಲೀಸರೂ ಹಾಗೇ ಬರೆದುಕೊಂಡರು. ಪಕ್ಕದವರನ್ನು ಕೇಳಿದಾಗ ಗೇಟಿನ ಕಡೆ ಗಮನ ಹೋಗಲಿಲ್ಲ ಎಂದರು. ನಾನು ಅಲ್ಲೇ ನಿಂತಿದ್ದೆ. ಸುಮ್ಮನಿದ್ದೆ.

ಈ ಮರ ನನಗೂ ಬೇಕು. ಇವರಿಗೆ ಅವರ ಮುಖ ಕಾಣಬಾರದು. ನನಗೆ, ಗೊತ್ತಿರುವ ಆ ಒಬ್ಬ ಮನುಷ್ಯ ಕಾಣಬಾರದು.

ಮಾರ್ಚ್ 26, ಬುಧವಾರ

ಹೋದೆ.

ಪಕ್ಕದವರ ಹೆಂಡತಿ ಬಾಗಿಲು ತೆಗೆದು, ನನ್ನನ್ನು ನೋಡಿ, ಗೋಡೆ ಹಿಡಿದುಕೊಂಡರು. ಒಳಗೆ ಕರೆಯಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಔಷಧಿ ಅಂಗಡಿಯವರು ಒಳಗಿನಿಂದ ಬಂದರು. ಇಳಿದುಹೋಗಿದ್ದಾರೆ. ಗುಬ್ಬಿಗೆ ಕೆಮ್ಮು ಬಂದಾಗಲೆಲ್ಲ ಸಿರಪ್ಪು ಕೊಟ್ಟ ಮೇಲೆ ಒಂದು ಮಿಠಾಯಿ ಕೊಡುತ್ತಿದ್ದವರು ಅವರೇ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು. ಫಾರಂ ಕೊಟ್ಟೆ. ನಿಂತೇ ಪೂರ್ತಿ ಓದಿದರು, ಡಾಕ್ಟರ ಚೀಟಿ ಓದುವ ಹಾಗೆ.

“ಎಷ್ಟು ವರ್ಷಕ್ಕೆ ಮರೆಯಾಗುತ್ತೆ?”

ಎಂಟು ಹತ್ತು ವರ್ಷವಂತೆ ಎಂದೆ.

ಸಹಿ ಹಾಕಿದರು. ತಾರೀಖೂ ಹಾಕಿದರು. “ಅಲ್ಲೀವರೆಗೆ ನಾವು ಹಿಂದಿನ ಬಾಗಿಲಲ್ಲೇ ಓಡಾಡ್ತೀವಿ. ನಿಮ್ಮ ಕಣ್ಣಿಗೆ ಬೀಳಲ್ಲ.”

ಥ್ಯಾಂಕ್ಸ್ ಎಂದೆ. ಮೆಟ್ಟಿಲು ಇಳಿದು ಅರ್ಧ ದಾರಿ ಬಂದವಳು ವಾಪಸ್ಸು ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಗೇಟಿನ ವಿಷಯ ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅವರು ಪೆನ್ನಿನ ಕ್ಯಾಪ್ ಹಾಕುತ್ತಿದ್ದರು. “ಹೇಳಿದ್ರೆ ನನ್ನ ಭಾರ ಇಳೀತಿತ್ತಾ? ನಿಮಗೂ ಒಂದಷ್ಟು ಹೊರಿಸಿದ ಹಾಗಾಗ್ತಿತ್ತು, ಅಷ್ಟೇ.”

ಆಮೇಲೆ ಬಾಗಿಲು ಹಾಕಿಕೊಂಡರು. ಮೆಲ್ಲಗೆ.

ಮಾರ್ಚ್ 27

ಹದಿನಾಲ್ಕು ದವಡೆ. ಯಾವ ಹಲ್ಲು ಯಾರದೆಂದು ಚೀಟಿ ಅಂಟಿಸುವುದನ್ನು ಮರೆತೆ. ಯಜಮಾನರು ತಾವೇ ಕೂತು ಹೊಂದಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 1

ಪಕ್ಕದ ಮುಂಬಾಗಿಲಿಗೆ ಐದು ದಿನದಿಂದ ಬೀಗ. ಹಿತ್ತಲ ಕಡೆಯ ಓಣಿಯಲ್ಲಿ ಚರಂಡಿ ಇದೆ, ಒಂದು ಹಲಗೆ ಹಾಕಿಕೊಂಡಿದ್ದಾರೆ. ಅವರ ಹೆಂಡತಿ ಮೊಣಕಾಲು ಹಿಡಿದುಕೊಂಡು ಅದರ ಮೇಲೆ ದಾಟುವುದನ್ನು ಬಸ್ ಸ್ಟಾಪಿನಿಂದ ನೋಡಿದೆ.

ಇವರಿಗೆ ಖುಷಿ. ಏಳು ತಿಂಗಳಲ್ಲಿ ಮೊದಲ ಸಲ ಊಟಕ್ಕೆ ಕೂತು ಎರಡನೇ ಸಲ ಬಡಿಸಿಕೊಂಡರು. ಮುಖ ತೋರಿಸಲು ಧೈರ್ಯವಿಲ್ಲ, ಕಳ್ಳನ ಹಾಗೆ ಓಡಾಡುತ್ತಿದ್ದಾನೆ ಎಂದರು. ಮಾವ ತಟ್ಟೆ ಬಿಟ್ಟು ಎದ್ದರು. ತಟ್ಟೆಗಳನ್ನು ನಾನು ತೊಳೆದೆ.

ನನಗೆ ನಾಚಿಕೆಯಾಯಿತು. ಹೀಗೆ ಬರೆಯಬಹುದಾದ ಒಂದು ಭಾವನೆ ಬಂದು ಎಷ್ಟು ದಿನವಾಗಿತ್ತು.

ಏಪ್ರಿಲ್ 5, ಶನಿವಾರ

ಗುಂಡಿ ತೆಗೆದಾಯಿತು. ಎರಡು ಅಡಿ ಆಳ. ನಾಳೆ ಒಂಬತ್ತಕ್ಕೆ ನರ್ಸರಿಯ ವ್ಯಾನು ಪೈನ್ ತರುತ್ತದೆ. ನಾನು ಸಂಜೆ ನರ್ಸರಿಗೆ ಫೋನ್ ಮಾಡಿ, ಬದಲಿಗೆ ನಿಂಬೆ ಕಳಿಸಬಹುದೇ ಎಂದು ಕೇಳಿದೆ. ಕಳಿಸಬಹುದು, ಆದರೆ ಗೊತ್ತುಮಾಡಿದವರು ಹೇಳಬೇಕು ಎಂದಳು. ಹೇಳಿಸುತ್ತೇನೆ ಎಂದು ಇಟ್ಟೆ.

ಗಿಡ ಬದಲಾಯಿಸಿದರೆ ಮಾತ್ರ ಸಾಲದು. ಇವರು ಯಾಕೆ ಎಂದು ಕೇಳುತ್ತಾರೆ. ಹೇಳದೆ ನಿಂಬೆ ಹಾಕಿಸಿದರೂ ಆ ದಂಪತಿ ಚರಂಡಿ ದಾಟುವುದು ತಪ್ಪುವುದಿಲ್ಲ.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ 7.30

ಇವರು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣಿನಿಂದ ಕಲ್ಲು ಆರಿಸುತ್ತಿದ್ದಾರೆ. ಏನೋ ಗುನುಗುತ್ತಲೂ ಇದ್ದಾರೆ. ಈ ಮನುಷ್ಯನಿಗೆ ಉಳಿದಿರುವುದು ಆ ಸಿಟ್ಟು ಒಂದೇ. ಅದನ್ನು ಪಕ್ಕದವರ ಕಡೆಯಿಂದ ನನ್ನ ಕಡೆ ತಿರುಗಿಸಲು ಹೊರಟಿದ್ದೇನೆ. ಭಯವಾಗುತ್ತಿದೆ. ಆದರೆ ಸುಮ್ಮನಿದ್ದರೆ ಹತ್ತು ವರ್ಷ, ಮರ ಬೆಳೆದಷ್ಟೂ, ಈ ಸುಳ್ಳಿಗೆ ನಾನೇ ನೀರು ಹಾಕಬೇಕು.

ಮಾತು ತಡವರಿಸಬಾರದೆಂದು ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅಳುತ್ತಾ ಹೇಳಬಾರದು, ಅತ್ತರೆ ಸಮಾಧಾನ ಮಾಡಿಬಿಡುತ್ತಾರೆ. ಫೋನ್ ಬಂತು ಎಂಬುದನ್ನು ಹೇಳಬಾರದು, ನೆಪ ಹೇಳಿದ ಹಾಗಾಗುತ್ತದೆ. ಪಕ್ಕದವರು ನೋಡಿಯೂ ಯಾರಿಗೂ ಹೇಳಲಿಲ್ಲ ಎಂಬುದನ್ನು ಹೇಳಲೇಬೇಕು. ಕೇಳಿದ ಮೇಲೆ ಯಾವ ಮರ ಬೇಕಾದರೂ ಹಾಕಲಿ. ನನ್ನನ್ನೇ ನೋಡಲಾಗದೆ ಎದ್ದು ಹೋದರೆ ಹೋಗಲಿ.

ಗೇಟಿನ ಹತ್ತಿರ ಹಾರ್ನು. ವ್ಯಾನು ಬೇಗ ಬಂದುಬಿಟ್ಟಿದೆ. ಇವರು ಕೈ ಒರೆಸಿಕೊಂಡು ಏಳುತ್ತಿದ್ದಾರೆ. ಗಿಡ ಇಳಿಸುವ ಮೊದಲೇ ಹೇಳಬೇಕು. ಮೊದಲ ಮಾತೇ ಗೇಟಿನದಾಗಿರಬೇಕು, ಇಲ್ಲದಿದ್ದರೆ ಇನ್ನೊಮ್ಮೆ ಸುಮ್ಮನಾಗಿಬಿಡುತ್ತೇನೆ. ಪೆನ್ನು ಇಟ್ಟು ಹೊರಗೆ ಹೋಗುತ್ತಿದ್ದೇನೆ.