ಬೇಲಿಯಾಚೆಯ ಹಿಮ

ಜನವರಿ ೯, ಬೆಳಿಗ್ಗೆ

“ಹಿಮ ಬಿದ್ದರೆ ಎಲ್ಲರ ಅಂಗಳವೂ ಒಂದೇ...” ಎಲ್ಲಿ ಓದಿದ್ದು? ಮುಂದಿನ ಸಾಲು ನೆನಪಿಲ್ಲ. ಒಂದೇ ಆಗುತ್ತದೆಯೋ, ಹಾಗೆ ಕಾಣುತ್ತದೆಯೋ? ಯೋಚಿಸುತ್ತ ಕಾಫಿ ಆರಿತು.

ವರ್ನೆಟ್ಟಾ ಶಿಕ್ಷೆ ಮುಗಿಯುವ ಮೊದಲೇ, ಪೆರೋಲ್ ಮೇಲೆ ಜೈಲಿನಿಂದ ಬಂದು ಮೂರು ವಾರ. ಮೇಲಿನ ಕೋಣೆ ಕೊಟ್ಟಿದ್ದೇನೆ. ಬೇರೆ ಯಾರೂ ಇರಿಸಿಕೊಳ್ಳಲು ಒಪ್ಪಲಿಲ್ಲವಂತೆ. ಕಾಲಿಗೆ ಎಲೆಕ್ಟ್ರಾನಿಕ್ ಕಾವಲು ಪಟ್ಟಿ — ನಮ್ಮ ಬೇಲಿ ದಾಟಿದರೆ ಪೆರೋಲ್ ಆಫೀಸಿಗೆ ಸುದ್ದಿ ಹೋಗುತ್ತದೆ.

ಇವತ್ತು ಅಂಗಳದ ಹಿಮ ತೆಗೆಯುತ್ತಿದ್ದ ನನ್ನ ಕೈಯಿಂದ ಸಲಿಕೆ ಕಿತ್ತುಕೊಂಡಳು.

“ಮೇಡಂ, ನಿಮ್ಮ ಕೈ ಪುಟ ತಿರುಗಿಸೋಕೆ ಸರಿ. ಹೀಗೆ ಕೆರೀತಾ ಇದ್ರೆ ಬೇಸಿಗೆನೇ ಬಂದ್ಬಿಡುತ್ತೆ.”

“ಮೇಡಂ ಅನ್ಬೇಡ ಅಂದಿಲ್ವಾ?”

“ಸರಿ ಮೇಡಂ.”

ನಕ್ಕಳು. ಬಂದ ಮೇಲೆ ಮೊದಲ ಸಲ.

ಖುಷಿಯಲ್ಲಿ ಈ ಬೀದಿಯ ರೀತಿ ಹೇಳಿಕೊಟ್ಟೆ. ಈ ಡಲೂತ್ ಊರಿನಲ್ಲಿ ಮೊದಲು ಎದ್ದವರು ಪಕ್ಕದ ಮನೆಯ ಮುದುಕರ ದಾರಿಯ ಹಿಮವನ್ನೂ ತೆಗೆಯುತ್ತಾರೆ. ಕೇಳುವುದಿಲ್ಲ, ಹೇಳಿಕೊಳ್ಳುವುದೂ ಇಲ್ಲ.

ಜನವರಿ ೧೧

ಎದ್ದಾಗ ಇನ್ನೂ ಕತ್ತಲು, ಬೀದಿಯಲ್ಲಿ ಪೊಲೀಸ್ ಕಾರು. ಪಕ್ಕದ ಹಾಲ್ವರ್ಸನ್ ಅಜ್ಜನ ಮೆಟ್ಟಿಲ ಬಳಿ ವರ್ನೆಟ್ಟಾ, ಬೆನ್ನ ಹಿಂದೆ ಕೈಗೆ ಬೇಡಿ. ಹಿಮದಲ್ಲಿ ಸಲಿಕೆ ನೆಟ್ಟಗೆ ನಿಂತಿತ್ತು.

ಪಟ್ಟಿ ಮರೆತಿದ್ದಳು. ಹೇಳಿಕೊಡುವಾಗ ನಾನೂ ಮರೆತಿದ್ದೆ.

“ಅಜ್ಜ ಜಾರಿ ಬೀಳ್ತಾರೆ ಅಂತ...” ಅಷ್ಟೇ ಅಂದಳು. ನನ್ನ ಹೆಸರು ಎತ್ತಲಿಲ್ಲ.

ಜನವರಿ ೧೫

ಪೆರೋಲ್ ಆಫೀಸು. ಅವಳನ್ನು ಮತ್ತೆ ಜೈಲಿನಲ್ಲಿ ಇಟ್ಟಿದ್ದಾರೆ. ನಾನೇ ಕಳಿಸಿದ ಹಾಗಾಯಿತು ಎಂದೆ. ಅಧಿಕಾರಿ ತಲೆ ಎತ್ತಲಿಲ್ಲ.

“ನೀವು ಅವಳ ಕಡೆಯವ್ರು, ನಿಮ್ಮ ಮಾತು ನಡೆಯಲ್ಲ. ಕತ್ತಲಲ್ಲಿ ಬೇರೆಯವ್ರ ಬಾಗಿಲ ಹತ್ರ ಏನು ಕೆಲ್ಸ? ಹಿಮ ತೆಗೀತಿದ್ಲು ಅಂತ ಆ ಮನೆಯವ್ರು ವಿಚಾರಣೆಗೆ ಬಂದು ಹೇಳ್ಲಿ. ಇಲ್ದಿದ್ರೆ ಉಳಿದ ನಾಲ್ಕು ವರ್ಷ ಒಳಗೇ.”

ಅಜ್ಜನ ಬಾಗಿಲು ಎರಡು ಸಲ ತಟ್ಟಿದೆ. ಒಳಗೆ ಟಿವಿ ಸದ್ದು. ತೆರೆಯಲಿಲ್ಲ.

ಜನವರಿ ೧೮, ಸಂಜೆ

ನಾಳೆ ವಿಚಾರಣೆ. ಏನೂ ಓದಲಾಗುತ್ತಿಲ್ಲ. ಅವಳ ಕೋಣೆಗೆ ಹೋದೆ — ಅವತ್ತು ಹೊರಡುವ ಮೊದಲು ಹಾಸಿಗೆ ಮಡಚಿಟ್ಟಿದ್ದಾಳೆ, ಜೈಲಿನಲ್ಲಿನ ಹಾಗೆ, ಒಂದು ಸುಕ್ಕಿಲ್ಲದೆ.

ಈಗ ತಾನೇ ಹಾಲ್ವರ್ಸನ್ ಅಜ್ಜ ಬಾಗಿಲಿಗೆ ಬಂದಿದ್ದರು. ಕರೆದರೂ ಒಳಗೆ ಬರಲಿಲ್ಲ.

“ಕಿಟಕಿಯಿಂದ ನೋಡ್ತಾನೇ ಇದ್ದೆ. ಅಚ್ಚುಕಟ್ಟಾಗಿ ತೆಗೆದ್ಲು. ಮೆಟ್ಟಿಲಿಗೆ ಉಪ್ಪೂ ಹಾಕಿದ್ಲು.”

“ನಾಳೆ ಅದನ್ನೇ ಹೇಳ್ತೀರಾ, ಅಜ್ಜ?”

“ಹೇಳ್ತೀನಮ್ಮ. ಆದ್ರೆ ಬಿಟ್ಮೇಲೆ ಅವ್ಳು ಈ ಬೀದಿಗೆ ಬರಲ್ಲ ಅಂತ ನೀವು ಮಾತು ಕೊಡಿ.”