ಅಪ್ಪಿಯಜ್ಜಿ ಕೊಟ್ಟ ನೀರು

ನವೆಂಬರ್ 10, ಆದಿತ್ಯವಾರ. ಸಂಜೆ 7

ಟ್ರೆಕ್ಕಿನ ನೀರಿನ ಫಿಲ್ಟರ್ ತೊಳೆದಾಯಿತು. ಸಿರಿಂಜಿನಲ್ಲಿ ಒಳ್ಳೆ ನೀರು ತುಂಬಿ ಹಿಂದಿನಿಂದ ಒತ್ತಬೇಕು. ಮೂರು ಸಲ ಒತ್ತಿದೆ, ಗುಡ್ಡದಿಂದ ಹರಿದುಬರುವ ತೋಡಿನ ಕೆಸರೆಲ್ಲ ಬಂತು. ಅಮ್ಮ ಸಿಂಕ್ ಹತ್ತಿರ ಬಂದು ನೋಡಿ ಹೋದಳು. ಲಕ್ಷಿತ್‌ನ ಫಿಲ್ಟರ್ ಅಲ್ವಾ. ತಮ್ಮನದು ಅಂತ ಕೈಯಲ್ಲಿ ಹಿಡಿಯಲು ಉಳಿದದ್ದು ಇದೊಂದೇ.

ಇವತ್ತು ಟ್ರೆಕ್ ಕಾರ್ಕಳದ ಆಚೆ, ಘಟ್ಟದ ಬುಡದಲ್ಲಿ. ನಾವು ಎಂಟು ಜನ. ಕ್ಲಾಯ್ಡ್ ಸಂತೆಕಟ್ಟೆಯಿಂದ ಬೈಕಿನಲ್ಲಿ ಬಂದ, ಎಂದಿನಂತೆ ಲೇಟ್. ಗುಡ್ಡ ಹತ್ತುವ ದಾರಿ ಅಪ್ಪಿಯಜ್ಜಿಯ ಅಂಗಳದಲ್ಲೇ ಹಾದುಹೋಗುತ್ತದೆ. ಅಜ್ಜಿ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು. ನಮ್ಮನ್ನು ಕಂಡದ್ದೇ ಮಡಿಲಲ್ಲಿದ್ದ ಬೀಡಿ ಎಲೆಯ ಗೆರಸೆ ಬದಿಗಿಟ್ಟು ಒಳಗೆ ಹೋಗಿ ಬೆಲ್ಲ ತಂದರು, ಚೆಂಬಿನಲ್ಲಿ ಬಾವಿ ನೀರು ತಂದರು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಕಾಪುವಿನ ನಮ್ಮ ಮನೆಯಲ್ಲೂ ಹಾಗೆಯೇ. ಗೊತ್ತಿಲ್ಲದವಳಲ್ಲ ನಾನು.

ಗೊತ್ತಿದ್ದೂ ಮಾಡಿದೆ. ಬೆಲ್ಲ ಬಾಯಿಗೆ ಹಾಕಿ, ಚೆಂಬಿನ ನೀರನ್ನು ಫಿಲ್ಟರಿನ ಚೀಲಕ್ಕೆ ಸುರಿದು, ಅವರ ಎದುರೇ ಹಿಂಡಿ ಬಾಟಲಿಗೆ ತುಂಬಿದೆ. ನನ್ನನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಫಿಲ್ಟರ್ ಕೇಳಿದರು.

ಅಜ್ಜಿ ಸ್ವಲ್ಪ ಹೊತ್ತು ನೋಡಿದರು. "ನನ್ನ ನೀರು ಕುಡಿದು ಇಷ್ಟರವರೆಗೆ ಯಾರೂ ಸಾಯಲಿಲ್ಲ ಮಗಾ" ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನಗುತ್ತಲೂ ಹೇಳಿದ್ದಲ್ಲ.

"ಹಾಗಲ್ಲ ಅಜ್ಜಿ, ನಮ್ಮ ಗ್ರೂಪಿನ ರೂಲ್ಸ್..." ಅಂದೆ. ರೂಲ್ಸ್ ಅಂತೆ! ಮಾಡಿದವಳು ನಾನೇ.

ಇಳಿದು ಬರುವಾಗ ಜಗಲಿಯಲ್ಲಿ ಚೆಂಬು ಇರಲಿಲ್ಲ. ಅಜ್ಜಿ ತಲೆ ಎತ್ತಲಿಲ್ಲ, ಬೀಡಿ ಕಟ್ಟುತ್ತಲೇ ಇದ್ದರು.

ನವೆಂಬರ್ 12

ಮಣಿಪಾಲದ ಅಂಗಡಿಯಲ್ಲಿ ದಿನವಿಡೀ ಕನ್ನಡಕ ಒರೆಸಿದ್ದು. ಒರೆಸಿದ ಗ್ಲಾಸಿನಲ್ಲೆಲ್ಲ ಆ ಅಜ್ಜಿಯ ಮುಖ. ಕ್ಲಾಯ್ಡ್ ಫೋನ್ ಮಾಡಿದ್ದ.

"ಒಮ್ಮೆ ಹೋಗಿ ಬಾ ಮಾರಾಯ್ತಿ. ಅಜ್ಜಿ ಎಂತ ನಿನ್ನ ತಲೆ ತೆಗೀತಾರಾ?"

ಬರುವ ಆದಿತ್ಯವಾರ ಹೋಗ್ತೇನೆ ಅಂದೆ.

ನವೆಂಬರ್ 17, ಆದಿತ್ಯವಾರ

ಹೋಗಲಿಲ್ಲ. ಗ್ರೂಪಿನಲ್ಲಿ ತಲೆನೋವು ಅಂತ ಹಾಕಿದೆ. ಸುಳ್ಳು.

ನವೆಂಬರ್ 26

ಲಕ್ಷಿತ್ ಹೋಗಿ ಇವತ್ತಿಗೆ ಎರಡು ವರ್ಷ.

ಬರೆದುಬಿಡುತ್ತೇನೆ. ಇಲ್ಲಿ ಯಾರು ಓದುತ್ತಾರೆ?

ಫಿಲ್ಟರ್ ಆಗ ಹೊಸದು. ಟ್ರೆಕ್ಕಿಗೆ ಹೊರಡುವ ಬೆಳಿಗ್ಗೆ ಪ್ಯಾಕೆಟ್ ಒಡೆದು ತೋರಿಸಿದ. ಇಲ್ಲಿ ನೀರು ಹಾಕುವುದು, ಇಲ್ಲಿ ಬಾಯಿ ಇಡುವುದು... ನನಗೆ ಎಲ್ಲಿಲ್ಲದ ನಗು. "ಓಹೋ, ದೊಡ್ಡ ಸಾಹೇಬ್ರು! ತೋಡಿನ ನೀರು ಕುಡಿದ್ರೆ ಸಾಯ್ತೀಯಾ ಎಂತ?" ಅಂದೆ. ಅವನೂ ನಕ್ಕ. ಫಿಲ್ಟರ್ ಮೇಜಿನ ಮೇಲೆ ಬಿಟ್ಟುಹೋದ.

ಗುಡ್ಡದ ಮೇಲೆ ಬಾಟಲಿ ಖಾಲಿಯಾಯಿತಂತೆ. ತೋಡಿನ ನೀರು ಕುಡಿದ. ಎರಡು ವಾರ ಕಳೆದು ಜ್ವರ. ಬರೀ ಜ್ವರ ಅಂತ ಮನೆಯಲ್ಲೇ ಇಟ್ಟುಕೊಂಡೆವು. ಟೈಫಾಯ್ಡ್... ಕರುಳು ತೂತಾಗಿತ್ತು. ಆ ನೀರಿನಿಂದಲೇ ಅಂತ ಡಾಕ್ಟರ್ ಖಚಿತವಾಗಿ ಹೇಳಲಿಲ್ಲ. ನನಗೆ ಯಾರೂ ಹೇಳಬೇಕಾಗಿಲ್ಲ.

ನಾನು ಆಡಿದ ಮಾತು ಅಮ್ಮನಿಗೆ ಗೊತ್ತಿಲ್ಲ. ಇವತ್ತು ಅವನ ಫೋಟೋಕ್ಕೆ ಹೂ ಇಡುವಾಗ ಹೇಳಿಬಿಡೋಣ ಅನಿಸಿತು. ಧೈರ್ಯ ಬರಲಿಲ್ಲ.

ಡಿಸೆಂಬರ್ 1, ಆದಿತ್ಯವಾರ

ಕಾರ್ಕಳ ಬಸ್‌ಸ್ಟ್ಯಾಂಡ್‌ವರೆಗೆ ಹೋದೆ. ಬಸ್ಸಿನಲ್ಲಿ ಕೂತು ಹೇಳಬೇಕಾದ್ದನ್ನು ಅಭ್ಯಾಸ ಮಾಡಿದೆ. "ಅಜ್ಜಿ, ನಿಮ್ಮ ನೀರಿಗಲ್ಲ, ನನ್ನ ಬಾಯಿಗೆ ಹೆದರಿದ್ದು." ಪಕ್ಕದ ಹೆಂಗಸು ತಿರುಗಿ ನೋಡಿದಳು.

ಇಳಿದು ಒಂದು ಚಾ ಕುಡಿದೆ. ಮುಂದಿನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಕಾಪುವಿಗೆ ವಾಪಸು. ಇಂಥ ಪುಕ್ಕಲಿ ನಾನು.

ಡಿಸೆಂಬರ್ 13, ಶುಕ್ರವಾರ

ಕ್ಲಾಯ್ಡ್ ಫೋನ್.

"ಅಪ್ಪಿಯಜ್ಜಿ ಹೋದ್ರಂತೆ. ಬುಧವಾರ. ಬೀಡಿ ಕಟ್ತಾ ಕೂತಲ್ಲೇ."

ಗಿರಾಕಿಯೊಬ್ಬರ ಎಡಗಣ್ಣಿನ ನಂಬರನ್ನು ಬಲಗಣ್ಣಿಗೆ ಬರೆದೆ. ಬೈಸಿಕೊಂಡೆ. ಬೈಯಲಿ.

ಡಿಸೆಂಬರ್ 15, ಆದಿತ್ಯವಾರ. ಮಧ್ಯಾಹ್ನ, ಬಸ್ಸಿನಲ್ಲಿ

ಹೋಗಿ ಬಂದೆ. ಬಸ್ಸು ಕುಲುಕಿ ಅಕ್ಷರ ಸರಿ ಬರುತ್ತಿಲ್ಲ.

ಜಗಲಿಯ ಗೋಡೆಗೆ ಗೆರಸೆ ಒರಗಿಸಿಟ್ಟಿದ್ದರು. ಅಜ್ಜಿಯ ಸೊಸೆ ಕಾವ್ಯ ಹೊರಗೆ ಬಂದಳು. ಚಾಪೆ ಹಾಕಿದಳು. "ಸೂತಕದ ಮನೆ ಅಕ್ಕ, ಬೆಲ್ಲ ನೀರು ಕೊಡುವ ಹಾಗಿಲ್ಲ" ಅಂದಳು. ಆಮೇಲೆ ನನ್ನ ಬ್ಯಾಗು ನೋಡಿದಳು.

"ಫಿಲ್ಟರ್ ಅಕ್ಕ ಅಂದ್ರೆ ನೀವೇ ಅಲ್ವಾ?"

ಹೌದು ಅಂದೆ. ಬಯ್ಯುತ್ತಾಳೆ ಅಂದುಕೊಂಡೆ.

"ಅವತ್ತು ನೀವು ಇಳಿದು ಹೋದ ಮೇಲೆ ಕ್ಲಾಯ್ಡಣ್ಣ ಹಿಂದೆ ಉಳಿದು ನಿಮ್ಮ ತಮ್ಮನ ವಿಷಯ ಹೇಳಿದ್ರು. ಅತ್ತೆ ಅತ್ತುಬಿಟ್ರು. ಮತ್ತೆ ಪ್ರತಿ ಶನಿವಾರ ಸಂಜೆ ನೀರು ಕುದಿಸಿ ಬೇರೆ ಚೆಂಬಿನಲ್ಲಿ ಮುಚ್ಚಿ ಇಡ್ತಿದ್ರು. ನಾಳೆ ಆ ಹುಡುಗಿ ಬಂದ್ರೆ ಹೆದರದೆ ಕುಡೀಲಿ ಅಂತ. ನೀವು ಬರದಿದ್ರೆ ಸೋಮವಾರ ತುಳಸಿಗೆ ಹೊಯ್ತಿದ್ರು."

ನಾಲ್ಕು ಆದಿತ್ಯವಾರ. ನಾನು ಬಸ್‌ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತಿದ್ದಾಗಲೂ ಆ ಚೆಂಬು ಅಲ್ಲಿ... ಅಯ್ಯೋ ದೇವರೇ.

"ನಿನ್ನೆ ನಾನೂ ಕುದಿಸಿಟ್ಟೆ ಅಕ್ಕ," ಅಂದಳು ಕಾವ್ಯ. "ಅತ್ತೆ ಇಲ್ಲ ಅಂತ ನೆನಪಾದದ್ದು ಮುಚ್ಚಳ ಹಾಕಿದ ಮೇಲೆ."

"ಕೊಡು" ಅಂದೆ.

"ಸೂತಕ ಅಕ್ಕ..."

"ಕೊಡು ಮಾರಾಯ್ತಿ."

ಕೊಟ್ಟಳು. ಬೆಲ್ಲ ಇಲ್ಲ, ಬರೀ ನೀರು. ಒಲೆಯ ಹೊಗೆಯ ವಾಸನೆ. ಫಿಲ್ಟರ್ ಬ್ಯಾಗಿನಲ್ಲೇ ಇತ್ತು, ಕೈ ಹೋಗಲಿಲ್ಲ. ನಿಂತಲ್ಲೇ ಪೂರ್ತಿ ಕುಡಿದೆ. ಚೆಂಬು ಕೆಳಗಿಟ್ಟು, ಅಜ್ಜಿ ಕೂರುತ್ತಿದ್ದ ಕಡೆ ತಿರುಗಿ, ಅಭ್ಯಾಸ ಮಾಡಿದ ಮಾತನ್ನು ಜೋರಾಗಿಯೇ ಹೇಳಲು ಹೋದೆ — ಅಜ್ಜಿ, ನಿಮ್ಮ ನೀರಿಗಲ್ಲ — ಅಷ್ಟೇ ಆಯಿತು, ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ: ನನ್ನ ಬಾಯಿಗೆ ಹೆದರಿದ್ದು.